ಕಾರಿನಲ್ಲಿ ಹತ್ತು ನಿಮಿಷ

ಶೆಫೀಲ್ಡ್‌ನಲ್ಲಿ ಕಾಲೇಜಿನ ಮೊದಲ ದಿನ ನಾನು ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಕ್ಲಾಸಿನ ಬಾಗಿಲು ಹಾಕಿಬಿಟ್ಟಿದ್ದರು. ತಡವಾದರೆ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ವೀಸಾಕ್ಕೇ ಕುತ್ತು. ಮೈಸೂರಿನಲ್ಲಿ ಕೂತು, ಮ್ಯಾಪಿನ ಮೇಲೆ ಹೆಬ್ಬೆರಳಿಟ್ಟು ದೂರ ಅಳೆದು ಈ ಕಾಲೇಜು ಆರಿಸಿದ ಮಹಾನುಭಾವ ನಾನೇ!

ಆಫೀಸಿನಾಕೆಗೆ ಅವರದೇ ಪ್ರಾಸ್ಪೆಕ್ಟಸ್ ತೋರಿಸಿದೆ. "ಸ್ಟೇಷನ್ನಿಂದ ಹತ್ತೇ ನಿಮಿಷ ಅಂತ ನೀವೇ ಬರೆದಿದ್ದೀರಲ್ಲ ಮೇಡಂ? ಒಂದು ಗಂಟೆ ಗುಡ್ಡ ಹತ್ತಿದೀನಿ!"

"ಕಾರಲ್ಲಿ ಹತ್ತು ನಿಮಿಷ, ಲವ್," ಎಂದಳು ಆಕೆ, ಆ ಊರಿನವರು ಎಲ್ಲರನ್ನೂ ಕರೆಯುವ ಹಾಗೆ. "ಈ ಕಡೆಗೆ ಮೊದಲನೇ ಬಸ್ಸೇ ಒಂಬತ್ತೂವರೆಗೆ."

ಕ್ಲಾಸ್ ಶುರುವಾಗುವುದು ಒಂಬತ್ತಕ್ಕೆ! ಮೇಲಾಗಿ ತಡವಾದದ್ದಕ್ಕೆ ಆಕೆ ಕೊಟ್ಟ ಫಾರಂನಲ್ಲಿ ಕಾರಿನ ನಂಬರ್ ಬರೆಯಲೇಬೇಕಿತ್ತು. ಉರಿದುಹೋಗಿ ಶೂ ಸೈಜ್ ಬರೆದುಕೊಟ್ಟೆ.

ಆ ಸಿಟ್ಟು ಇನ್ನೂ ಇಳಿದಿಲ್ಲ. ಊರಿನಿಂದ ಯಾರೇ ಫೋನ್ ಮಾಡಿ ಇಲ್ಲಿನ ಯಾವುದಾದರೂ ಕಾಲೇಜಿನ ಬಗ್ಗೆ ವಿಚಾರಿಸಿದರೂ ಕೋರ್ಸಿನ ಹೆಸರಿಗೂ ಮೊದಲು ಕೇಳುತ್ತೇನೆ: "ಅಲ್ಲಿಗೆ ಮೊದಲನೇ ಬಸ್ ಎಷ್ಟು ಗಂಟೆಗಪ್ಪಾ?"