ಹಿಂದಕ್ಕೆ ನಡೆಯುತ್ತಿದ್ದ ಚನಬಸಪ್ಪ ಕಾಕಾ

ಚನಬಸಪ್ಪ ಕಾಕಾ ಬೆಳಗಾವಿಯ ರವಿವಾರ ಪೇಟೆಯಲ್ಲಿ ಹಿಂದಕ್ಕೆ ನಡೆಯುತ್ತಿದ್ದರು. ಮುಖ ನಮ್ಮ ಕಡೆ, ಬೆನ್ನು ಹೋಗಬೇಕಾದ ದಿಕ್ಕಿಗೆ. ಬಲಗೈಯಲ್ಲಿ ಮಡಚಿದ ಕೊಡೆ, ಎಡಗೈಯಲ್ಲಿ ಧೋತರದ ಚುಂಗು. ಚೀಲ ಹೊತ್ತ ಹಮಾಲರು, ಕೈಗಾಡಿ, ದಾರಿಯ ನಡುವೆ ಮಲಗಿ ಮೆಲುಕು ಹಾಕುವ ಆಕಳು, ಯಾವುದಕ್ಕೂ ಡಿಕ್ಕಿ ಹೊಡೆಯದೆ ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಕಥೆ ಹೇಳುವರು. ಅವರ ಎದುರಿಗೆ ನಾವು ಹತ್ತಿಪ್ಪತ್ತು ಮಂದಿ ಬಾಯಿ ತೆರೆದುಕೊಂಡು ನಡೆಯುವುದು. ನೋಡಿದವರಿಗೆ ನಾವೇ ಆ ದೊಡ್ಡ ಹೊಟ್ಟೆಯ ಮನುಷ್ಯನನ್ನು ಅಟ್ಟಿಸಿಕೊಂಡು ಹೋಗುತ್ತಿದ್ದೇವೆ ಅನಿಸಬೇಕು.

“ಹಿಂಗ್ಯಾಕ ಹಿಂದ ನಡೀತೀರಿ ಕಾಕಾ?” ಎಂದು ಹೊಸಬರು ಯಾರಾದರೂ ಕೇಳಿಯೇ ಕೇಳುವರು. ಕಾಕಾ ಅದನ್ನೇ ಕಾಯುತ್ತಿದ್ದವರಂತೆ ಮೀಸೆಯ ಮೇಲೆ ಬೆರಳಾಡಿಸಿ, “ಮುಖಾ ನೋಡದನ ಕಥಿ ಹೇಳಿದ್ರ ಅದು ಡಂಗುರಾ ಸಾರಿದಂಗ ಆಕ್ಕೈತಿ. ನೀವು ಅಂಜಿದ್ದು ನನಗ ಕಾಣಬೇಕ್ರೀ, ಅಂದ್ರ ಮುಂದಿನ ಮಾತು ಬರತೈತಿ” ಅನ್ನುವರು.

ಅವರದು ಬೆಲ್ಲ ಮತ್ತು ಕಾಳಿನ ಸಗಟು ವ್ಯಾಪಾರ, ಮೂರು ತಲೆಮಾರಿನದು. ಹಣೆಯ ತುಂಬ ವಿಭೂತಿ, ತಲೆಗೆ ಕರಿ ಟೋಪಿ, ಎಂಥ ಸೆಕೆಯಲ್ಲೂ ಬಿಡದ ಕೋಟು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಪ್ರತಿ ಭಾನುವಾರ ಇಳಿಹೊತ್ತಿಗೆ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಕಟ್ಟೆಯ ಮೇಲೆ ನಿಂತು, “ಬರ್ರಿ, ಕೆಟ್ಟ ಊರ ತೋರಸ್ತೀನಿ” ಎಂದು ಕೂಗುವರು. ಚೆಂದದ ಊರು ತೋರಿಸುವ ಪೈಕಿಯೇ ಅಲ್ಲ. ಕೋಟೆಗೆ ಕರೆದೊಯ್ದರೂ ಬಸದಿಯ ಸೂರಿನಲ್ಲಿ ಕೆತ್ತಿದ ಕಮಲ ತೋರಿಸಲಿಲ್ಲ, ಕಂದಕ ತೋರಿಸಿದರು. ಅದರಲ್ಲಿ ಯಾವ ಕಾಲದಲ್ಲಿ ಯಾರು ಬಿದ್ದರು, ಯಾರನ್ನು ನೂಕಿದರು ಎಂದು ಹೇಳಿದರು. ಹುಣಸೆಮರ ತೋರಿಸಿದರೆ ಅದರ ನೆರಳಿನ ಮಾತಿಲ್ಲ, ಕೊಂಬೆಗೆ ಕಟ್ಟಿದ ನೇಣಿನ ಮಾತು. “ಗುಡಿ ತೋರ್ಸಾಕ ಪೂಜಾರಿ ಅದಾನ, ಮಸೂತಿ ತೋರ್ಸಾಕ ಮುಲ್ಲಾ ಅದಾನ. ಊರಿನ ಹೊಟ್ಟಿ ಎಲ್ಲೆ ನೋಯತೈತಿ, ಅಲ್ಲೆ ಒತ್ತಿ ನೋಡಾಂವ ಒಬ್ಬನಾದ್ರೂ ಬೇಕಲ್ಲ?” ಎನ್ನುವುದು ಅವರ ವಾದ. ಎಲ್ಲ ಮುಗಿದ ಮೇಲೆ ಅಂಗಡಿಯ ಮುಂದೆ ಎಲ್ಲರ ಅಂಗೈಗೂ ಒಂದು ಚೂರು ಬೆಲ್ಲ. “ಕೆಟ್ಟದ್ದ ಕೇಳೀರಿ, ಬಾಯಿ ಸಿಹಿ ಮಾಡ್ಕೋರಿ.” ಬೆಲ್ಲ ತಿನ್ನದೆ ಹೋಗುವಂತಿರಲಿಲ್ಲ.

ನಾನು ಆಗ ಖಾನಾಪುರದಿಂದ ದಿನಾ ರೈಲಿನಲ್ಲಿ ಬೆಳಗಾವಿಯ ಕಾಲೇಜಿಗೆ ಬರುತ್ತಿದ್ದೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ದೂರ ಹೋಗಿಲ್ಲ. ಗೆಳತಿಯರು ಎಳೆದರೆಂದು ಒಂದು ಭಾನುವಾರ ಕಾಕಾನ ನಡಿಗೆಗೆ ಹೋದವಳು, ಆಮೇಲೆ ಯಾರೂ ಎಳೆಯದೆಯೂ ಹೋಗತೊಡಗಿದೆ. ಮೊದಮೊದಲ ನಡಿಗೆಗಳೆಲ್ಲ ಕೋಟೆಯ ಕಡೆಗಿದ್ದವು. ಪೇಟೆಯ ಹಿಂದಿನ ಗಲ್ಲಿಗೆ ನಮ್ಮನ್ನು ಕರೆದೊಯ್ದದ್ದು ಮಳೆಗಾಲಕ್ಕೆ ಸ್ವಲ್ಪ ಮುಂಚೆ.

ಗಲ್ಲಿಯ ಬಾಯಲ್ಲೇ ಒಂದು ದೊಡ್ಡ ವಖಾರ ಇತ್ತು. ಸಾಗವಾನಿ ಬಾಗಿಲ ಮೇಲೆ ನಂದಿ ಕೆತ್ತಿತ್ತು. ಕಾಕಾ ಕೊಡೆಯ ತುದಿಯಿಂದ ನಂದಿಯನ್ನು ಮುಟ್ಟಿ, “ಇದು ನಮ್ಮ ಅಜ್ಜಂದು. ಕಾಳು ತುಂಬೂ ವಖಾರ. ಇಂಥಾ ಬಾಗಲಾ ಈ ಪೇಟ್ಯಾಗ ಇನ್ನೊಂದ ತೋರ್ಸ್ರಿ ನೋಡೂಣು” ಎಂದು ಹೆಮ್ಮೆಪಟ್ಟು, ಅದರ ಹಿಂಗೋಡೆಗೆ ಅಂಟಿಕೊಂಡಿದ್ದ ಸಣ್ಣ ಮನೆಯ ಮುಂದೆ ನಿಂತರು. ದನಿ ತಗ್ಗಿಸಿದರು. ಭಯಂಕರವಾದ ಕಥೆ ಬರಲಿದೆ ಎನ್ನುವುದಕ್ಕೆ ಅದು ಗುರುತು.

“ಪ್ಲೇಗಿನ ವ್ಯಾಳ್ಯಾದಾಗ ಈ ಮನ್ಯಾಗ ಗಂಗವ್ವ ಅಂತ ಒಬ್ಬಾಕಿ ಇದ್ಲು. ಮಗಳಿಗಿ ಗಡ್ಡಿ ಎದ್ದಿತ್ತು. ಬ್ಯಾನಿ ಬಿದ್ದ ಕೂಸಿನ್ನ ಕಣಜದಾಗ ಮುಚ್ಚಿಟ್ಟು, ಸರಕಾರದ ಮಂದಿ ಬಂದ್ರ ಯಾರೂ ಇಲ್ಲ ಅಂತ ಸುಳ್ಳ ಹೇಳಿದ್ಲು. ವಾರ ಕಳಿಯೂದ್ರಾಗ ಗಲ್ಲಿ ತುಂಬ ಹೆಣಾ. ಒಬ್ಬಾಕಿ ಮಾಡಿದ್ದಕ್ಕ ಇಡೀ ಗಲ್ಲಿ ಬರಿದಾತು!”

ಬಾಗಿಲಲ್ಲಿ ಹಿಟ್ಟಿನ ಕೈಯಲ್ಲಿ ನಿಂತಿದ್ದ ಹೆಂಗಸು ಸಿಡುಕಿದಳು. ಅವಳು ಜೈತುನಬಿ, ಈಗ ಆ ಮನೆಯಲ್ಲಿದ್ದವಳು. “ಅರೇ ಅಲ್ಲಾ, ಮುಂದ ಹೋಗ್ರಿ ಕಾಕಾ. ನೀವು ಪ್ಲೇಗಿನ ಮನಿ, ಪ್ಲೇಗಿನ ಮನಿ ಅಂತ ಒದರಿ ಒದರಿ ನನ್ನ ಮಗಳ ಲಗ್ನಾ ಆಗವಲ್ದು.” ಎಲ್ಲರೂ ನಕ್ಕರು.

ನಾನು ನಗಲಿಲ್ಲ. ಕಿವಿ ಬಿಸಿಯಾಗಿತ್ತು. ಗಂಗವ್ವ ನನ್ನ ಆಯಿಯ, ಎಂದರೆ ಅಪ್ಪನ ತಾಯಿ ನಾಗವ್ವನ, ಹಡೆದವ್ವ. ರವಿವಾರ ಪೇಟೆಯಲ್ಲಿ ತನ್ನ ತವರು, ಅವ್ವ ಗಂಗವ್ವ ಪ್ಲೇಗಿನಲ್ಲಿ ಸತ್ತಳು, ಒಬ್ಬಳೇ ಮಗಳಾದ ತನಗೆ ಬೇನೆ ತಾಗಲಿಲ್ಲ ಎಂದಷ್ಟೇ ಆಯಿ ನಮಗೆ ಹೇಳಿದ್ದಳು. ಬೆಳಗಾವಿಗೆ ಸಂತೆಗೆ ಬಂದರೂ ಆ ಗಲ್ಲಿಯ ಕಡೆ ತಲೆಯೆತ್ತಿ ನೋಡದೆ ರೈಲು ಹತ್ತುತ್ತಿದ್ದಳು. ಯಾಕೆಂದು ಅವತ್ತು ನನಗೆ ತಿಳಿಯಿತು.

“ಆ ಕೂಸು ಸತ್ತಿಲ್ರಿ ಕಾಕಾ” ಎಂದೆ. “ಖಾನಾಪುರದಾಗ ನಮ್ಮ ಪಡಸಾಲ್ಯಾಗ ಕುಂತು ಈಗ ಅವಲಕ್ಕಿ ತಿನ್ನಾಕತ್ತೈತಿ. ಅಕಿ ನಮ್ಮ ಆಯಿ. ಅಕಿಗಿ ಪ್ಲೇಗ ಬಂದೇ ಇಲ್ಲ. ಗೊತ್ತಿಲ್ಲದ ಕಥಿ ಯಾಕ ಹೇಳ್ತೀರಿ?”

ಕಾಕಾ ಆಗಲೂ ಹಿಂದಕ್ಕೇ ಹೆಜ್ಜೆಯಿಡುತ್ತಿದ್ದರು. ಮೊದಲ ಸಲ ಎಡವಿ ಒಂದು ಕೈಗಾಡಿಗೆ ಬೆನ್ನು ಬಡಿಸಿಕೊಂಡರು. ನಾನು ಬೆಲ್ಲಕ್ಕೆ ಕಾಯದೆ ಸ್ಟೇಶನ್ನಿಗೆ ನಡೆದೆ. ಹಿಂದಿನಿಂದ ಅವರ ದನಿ ಬಂತು. “ತಂಗಿ, ಖಾನಾಪುರದಾಗ ಮನಿ ಎಲ್ಲೆ?” ಸಿಟ್ಟಿನಲ್ಲೇ ಹೇಳಿದೆ. ಬರುವ ಗಂಡಸಲ್ಲ ಎಂದುಕೊಂಡಿದ್ದೆ.

ಮುಂದಿನ ಭಾನುವಾರ ಬಂದರು. ಊರಲ್ಲಿ ನಡಿಗೆ ಬಿಟ್ಟು ಬಂದಿದ್ದರು. ಅದೇ ಕೋಟು, ಅದೇ ಕೊಡೆ, ಮೀಸೆಗೆ ಮಾತ್ರ ಎಣ್ಣೆ ಇರಲಿಲ್ಲ. ಹೆಸರು, ಅಡ್ಡಹೆಸರು ಹೇಳಿ ಗುರುತು ಮಾಡಿಕೊಂಡರು. ಆಯಿ ಅವರನ್ನೊಮ್ಮೆ ದಿಟ್ಟಿಸಿ, ಒಳಗಿನಿಂದ ತಾನೇ ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದಿಟ್ಟಳು. ಕಾಕಾ ಬೆಲ್ಲದ ಚೂರನ್ನು ಬಾಯಿಗೆ ಹಾಕಲಿಲ್ಲ, ಕೈಯಲ್ಲೇ ಹಿಡಿದು ಕೂತರು.

“ನಮ್ಮವ್ವ ನನ್ನ ಕಣಜದಾಗ ಇಟ್ಟಿದ್ದು ಖರೇ” ಎಂದಳು ಆಯಿ. “ಬ್ಯಾನಿ ಬಂದಿತ್ತಂತ ಇಟ್ಟಿದ್ದಲ್ಲ. ಸಿಪಾಯಿಗೋಳು ಬಂದು ಕೂಸಗೋಳ್ನ ಬಯಲಾಗಿನ ಗುಡಸಲಕ್ಕ ಎಳಕೊಂಡ ಹೋಗ್ತಿದ್ರು, ಬ್ಯಾನಿ ಮಂದಿ ಜೋಡಿ ಕೂಡಿ ಹಾಕ್ತಿದ್ರು. ಹೋದ ಕೂಸು ತಿರಗಿ ಬರ್ತಿರಲಿಲ್ಲ. ಮರದಿನ ಬೆಳಕ ಹರಿಯೂದ್ರಾಗ ನನ್ನ ಮೆಣಸಿನಕಾಯಿ ಚಕ್ಕಡ್ಯಾಗ ಕುಂದ್ರಿಸಿ ಬೀಡಿ ಊರಿನ ಸ್ವಾದರಮಾವನ ಮನಿಗಿ ಕಳ್ಸಿದ್ಲು. ಚೀಲಗೋಳ ನಡಕ ಕುಂತು, ಸೀನು ಬರಬಾರ್ದಂತ ದಾರಿ ತುಂಬ ಮೂಗ ಹಿಡ್ಕೊಂಡಿದ್ದೆ ನಾ.”

“ನಿಮ್ಮವ್ವ ಯಾಕ ಬರ್ಲಿಲ್ಲ?” ಎಂದರು ಕಾಕಾ.

“ಬಾಜು ಮನೀ ಮಂದಿ ಬ್ಯಾನಿ ಬಿದ್ದ ತಮ್ಮವರ್ನ ಬಿಟ್ಟು ಹೊಲಕ್ಕ ಓಡಿದ್ರಲ್ಲ. ಇವರಿಗಿ ನೀರರೆ ಹಾಕಾವರು ಯಾರು ಅಂತ ಅಕಿ ನಿಂತ್ಲು. ನಿಂತಾಕಿ ಅಲ್ಲೇ ಹೋದ್ಲು. ಓಡಿ ಹೋದವ್ರು ತಿರಗಿ ಬಂದು, ಎಲ್ಲಾ ಅಕಿಂದನ ಆತು ಅಂದ್ರು. ಸತ್ತಾಕಿ ಏನ ಜವಾಬ ಕೊಡ್ತಾಳ?”

ಕಾಕಾ ಬೆಲ್ಲದ ಚೂರನ್ನು ಈ ಕೈಯಿಂದ ಆ ಕೈಗೆ ದಾಟಿಸಿದರು. ಆಮೇಲೆ, “ಹಂಗಾದ್ರ ಬ್ಯಾನಿ ಎಲ್ಲಿಂದ ಬಂತು ಆಯಿ?” ಎಂದು ಕೇಳಿದರು.

“ಇಲಿ ಸತ್ತು ಬಿದ್ದುವಲ್ಲ. ಬಾಜೂಕ ಕಾಳಿನ ವಖಾರ ಇತ್ತು. ಸತ್ತ ಇಲಿಗೋಳ್ನ ಗ್ವಾಡಿ ಮ್ಯಾಲಿಂದ ನಮ್ಮ ಹಿತ್ತಲಕ್ಕ ಒಗೀತಿದ್ರು. ಮಾಲು ಸುಡ್ತಾರಂತ ಅಂಜಿ ಸಾವಕಾರ ಯಾರಿಗೂ ಹೇಳಲಿಲ್ಲ. ಬಾಗಲದ ಮ್ಯಾಲ ನಂದಿ ಇತ್ತು ನೋಡು, ಆ ವಖಾರ.”

ಕಾಕಾನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. “ಅದು ನಮ್ಮ ಅಜ್ಜಂದು” ಎಂದರು ಅವರು.

“ಗೊತ್ತೈತಿ. ನೀ ಅಡ್ಡಹೆಸರ ಹೇಳಿದ ಕೂಡ್ಲೆ ಗೊತ್ತಾತು. ಬೆಲ್ಲಾ ತಿನ್ನು ತಮ್ಮಾ, ಕೈ ಅಂಟ ಆಗಾಕತ್ತೈತಿ.”

ನಮ್ಮ ಆಯಿ ಅಂಥವಳು. ಕಾಕಾ ಬೆಲ್ಲ ತಿಂದು, ನೀರು ಕುಡಿದು, “ಈಗ ನಾ ಏನ ಮಾಡ್ಲಿ, ಹೇಳ್ರಿ” ಎಂದರು. ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನನಗೇನ ಬೇಕಾಗೈತಿ? ಪಂಚಮಿ ಬಂತಂದ್ರ ಎಲ್ಲಾರಿಗೂ ತವರಿಂದ ಕರ್ಯಾಕ ಬರ್ತಾರ. ಸ್ವಾದರಮಾವ ಇರೂತನಕ ಬೀಡಿಗಿ ಕರಕೊಂಡ ಹೋಗ್ತಿದ್ದ. ನಮ್ಮವ್ವನ ಗಲ್ಲಿಯಿಂದ ಒಬ್ಬರೂ ಬರ್ಲಿಲ್ಲ ನೋಡು. ಅದೊಂದ ಉಳದೈತಿ.”

ಮುಂದೆ ನಡೆದದ್ದರಲ್ಲಿ ಸ್ವಲ್ಪ ನನಗೆ ಆಮೇಲೆ ತಿಳಿದದ್ದು. ಕಾಕಾನ ತಮ್ಮ ರಾಚಪ್ಪ ಅಂಗಡಿಯಲ್ಲೇ ದೊಡ್ಡ ಜಗಳ ತೆಗೆದನಂತೆ. ಸತ್ತ ಅಜ್ಜನ ಹೆಸರು ಬೀದಿಗೆ ತಂದರೆ ನಾಳೆ ನಮ್ಮ ಕಾಳು ಯಾರು ಕೊಳ್ಳುತ್ತಾರೆ, ಒಬ್ಬ ಮುದುಕಿಯ ಮಾತಿಗೆ ಇಷ್ಟೊಂದು ಕುಣಿಯಬೇಕೇ ಎಂದು. ಕಾಕಾ ಹೇಳಿದ್ದು ಇಷ್ಟು. “ಇಷ್ಟ ವರ್ಸ ಮಂದಿ ಮನೀ ಹೆಸರು ಕೆಡಿಸಿ ಬೆಲ್ಲಾ ಹಂಚೇನಿ. ನಮ್ಮ ಮನೀ ಪಾಳಿ ಬಂದಾಗ ಬಾಯಿ ಮುಚ್ಚಲ್ಯಾ?” ರಾಚಪ್ಪ ಅಣ್ಣನ ಜೊತೆ ಮಾತು ಬಿಟ್ಟ.

ಶ್ರಾವಣದಲ್ಲಿ ಪಂಚಮಿಯ ಬೆಳಿಗ್ಗೆ ಮೊದಲ ಗಾಡಿಗೇ ಕಾಕಾ ನಮ್ಮ ಬಾಗಿಲಲ್ಲಿದ್ದರು. ಒಂದು ಕೈಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ತುಂಬಿದ ಬುಟ್ಟಿ, ಇನ್ನೊಂದರಲ್ಲಿ ಕೊಡೆ. ಒಳಗೆ ಬಾರದೆ ಹೊಸ್ತಿಲ ಹೊರಗೇ ನಿಂತು, ಇಡೀ ಓಣಿಗೆ ಕೇಳುವಂತೆ, “ಅಕ್ಕಾ, ಪಂಚಮಿಗಿ ಕರ್ಯಾಕ ಬಂದೇನಿ” ಎಂದರು. ಆಯಿಗಿಂತ ಎಷ್ಟೋ ಚಿಕ್ಕವರು, ಆದರೂ ಒಡಹುಟ್ಟಿದವನ ಗತ್ತು. ಆಯಿ ಇಳಕಲ್ ಸೀರೆ ಉಟ್ಟಳು. ನಿರಿಗೆಯನ್ನು ನಾನೇ ಹಿಡಿದೆ.

ಅವತ್ತು ಕಾಕಾ ಹಿಂದಕ್ಕೆ ನಡೆಯಲಿಲ್ಲ. ತುಂತುರು ಮಳೆಯಲ್ಲಿ ಆಯಿ ಮುಂದೆ, ಅವಳ ತಲೆಯ ಮೇಲೆ ಕೊಡೆ ಹಿಡಿದು ಕಾಕಾ ಹಿಂದೆ. ಅವರ ನಡಿಗೆಯ ಹಳಬರೆಲ್ಲ ಬಂದಿದ್ದರು, ಪೇಟೆಯ ಅರ್ಧ ಜನ ತಮಾಷೆ ನೋಡಲು ಬಂದಿದ್ದರು. ನಂದಿ ಬಾಗಿಲ ಮುಂದೆ ಕಾಕಾ ನಿಂತರು. ಭಯಂಕರ ಕಥೆಗಳಿಗೆ ದನಿ ತಗ್ಗಿಸುತ್ತಿದ್ದ ಮನುಷ್ಯ ಇದನ್ನು ಮಾತ್ರ ಗಂಟಲು ಬಿಚ್ಚಿ ಹೇಳಿದರು.

“ಈ ಗಲ್ಲಿಗಿ ಪ್ಲೇಗ ತಂದಾಕಿ ಗಂಗವ್ವ ಅಂತ ನಾನ ಹೇಳೇನಿ, ನೀವ ಕೇಳೀರಿ. ಸುಳ್ಳ ಅದು! ಇಲಿ ಬಿದ್ದಿದ್ದು ಈ ವಖಾರದಾಗ. ಮುಚ್ಚಿಟ್ಟಾಂವ ನಮ್ಮ ಅಜ್ಜ. ಗಂಗವ್ವ ಓಡಿ ಹೋಗಲಿಲ್ಲ, ನಿಮ್ಮ ಹಿರ್ಯಾರ ಬಾಯಿಗಿ ನೀರ ಬಿಟ್ಟು ಸತ್ಲು. ಅಕಿ ಮಗಳು ತವರಿಗಿ ಬಂದಾಳ, ನೋಡ್ರಿ ಇಲ್ಲೆ!”

ಆಗ ಜೈತುನಬಿ ತನ್ನ ಬಾಗಿಲಿನಿಂದ ಇಳಿದು ಬಂದಳು. ಕೈಯಲ್ಲಿ ಮೊರ, ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಹಸಿರು ಕುಪ್ಪಸದ ಖಣ. “ನಮ್ಮ ಮನೀ ಮಗಳು ಬಂದಾಳ, ಉಡಿ ತುಂಬದ ಹಂಗ ಕಳಸೂದೇನು?” ಎಂದಳು. ಗಂಡ ಇಲ್ಲದವಳಿಗೆ ಉಡಿ ಹೆಂಗೆ ಎಂದು ಯಾರೋ ಗೊಣಗಿದರು. ಜೈತುನಬಿ ತಿರುಗಿ ನಿಂತಳು. “ಆ ಲೆಕ್ಕಾ ಗಂಡನ ಮನ್ಯಾಗ. ಇದು ತವರು.”

ಆಯಿ ಸೆರಗೊಡ್ಡಿದಳು. ಜೈತುನಬಿಯ ಹಿಂದೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಓಡಿ ಹೋಗಿ ಮನೆಯಿಂದ ಅಕ್ಕಿ ತಂದಳು, ಆಮೇಲೆ ಇಡೀ ಗಲ್ಲಿಯ ಹೆಂಗಸರು ಸಾಲುಗಟ್ಟಿದರು. ಸೆರಗು ತುಂಬಿ ಅಕ್ಕಿ ಕಲ್ಲುಹಾಸಿನ ಮೇಲೆ ಚೆಲ್ಲಿತು. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ, ಸಂತೋಷಕ್ಕೆ ಅಷ್ಟು ಅತ್ತದ್ದು ಅದೇ ಮೊದಲು. ಆಯಿ ಮಾತ್ರ ಅಳಲಿಲ್ಲ. ಸುತ್ತ ನೋಡಿ, “ಪಂಚಮಿಗಿ ಕರದೀರಿ, ಜೋಕಾಲಿ ಎಲ್ಲೆ ಐತಿ?” ಎಂದಳು.

ಕಾಕಾ ಅದಕ್ಕೂ ತಯಾರಾಗಿದ್ದರು! ನಂದಿ ಬಾಗಿಲನ್ನು ಎರಡೂ ಕೈಯಿಂದ ನೂಕಿ ತೆರೆದರು. ಚೀಲಗಳನ್ನೆಲ್ಲ ಸರಿಸಿ, ವಖಾರದ ಸಾಗವಾನಿ ತೊಲೆಗೆ ಹಗ್ಗದ ಜೋಕಾಲಿ ಕಟ್ಟಿಸಿದ್ದರು. ಮೆಣಸಿನಕಾಯಿ ಚೀಲಗಳ ನಡುವೆ ಮೂಗು ಹಿಡಿದುಕೊಂಡು ಊರು ಬಿಟ್ಟವಳು ಇಲಿ ಬಿದ್ದ ಅದೇ ವಖಾರದಲ್ಲಿ ಜೋಕಾಲಿ ಜೀಕಿದಳು. ಚನಬಸಪ್ಪ ಕಾಕಾ ಹಿಂದಿನಿಂದ ದೂಕುತ್ತಿದ್ದರು, ಟೋಪಿ ಬಿದ್ದದ್ದೂ ಅವರಿಗೆ ಗೊತ್ತಾಗಲಿಲ್ಲ. ಮುಂದಿನ ವರ್ಷ ಜೈತುನಬಿಯ ಮಗಳ ಲಗ್ನವಾಯಿತು. ಬೀಗರಿಗೆ ಆ ಮನೆಯನ್ನು ಕಾಕಾ ತಾವೇ ತೋರಿಸಿದರಂತೆ, ಗಂಗವ್ವನ ಮನೆ ಎಂದು.

ಅಲ್ಲಿಂದ ಮುಂದೆ ಪ್ರತಿ ಪಂಚಮಿಗೂ ಕಾಕಾ ತಪ್ಪದೆ ಬಂದರು. ಭಾನುವಾರದ ನಡಿಗೆಯೂ ನಡೆಯಿತು, ಆದರೆ ಈಗ ಅದು ಅವರ ಅಜ್ಜನ ವಖಾರದಿಂದಲೇ ಸುರುವಾಗುತ್ತಿತ್ತು. ಕೊನೆಕೊನೆಗೆ ಉಬ್ಬಸ ಹತ್ತಿತು. ನಾನು ಕೊನೆಯ ಸಲ ನೋಡಿದಾಗ ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದರು. “ತಂಗಿ, ನೀ ಹೇಳ ಇವತ್ತ” ಎಂದರು. ನಾನು ಅವರಂತೆಯೇ ಹಿಂದಕ್ಕೆ ನಡೆಯಲು ಹೋಗಿ ಆಕಳಿಗೆ ಡಿಕ್ಕಿ ಹೊಡೆದೆ. ಕೆಮ್ಮು ಬರುವವರೆಗೆ ನಕ್ಕರು.

ಎಂಬತ್ತರ ದಶಕದ ನಡುವೆ ಒಂದು ಆಷಾಢದಲ್ಲಿ ಕಾಕಾ ಹೋದರು. ಆ ಸಲದ ಪಂಚಮಿಗೆ ಆಯಿ ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು ಪಡಸಾಲೆಯಲ್ಲಿ ಕೂತಳು. ಇನ್ನು ಯಾರು ಬರುತ್ತಾರೆ ಆಯಿ ಎಂದು ಕೇಳುವ ಮನಸ್ಸು ನಮಗ್ಯಾರಿಗೂ ಆಗಲಿಲ್ಲ. ಮೊದಲ ಗಾಡಿ ಬಂದು ಹೋಯಿತು. ಆಯಿ ಕದಲಲಿಲ್ಲ.

ಎರಡನೆಯ ಗಾಡಿ ಹೋದ ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಒಬ್ಬ ಗಂಡಸು ಮನೆಮನೆಯ ಬಾಗಿಲು ನೋಡುತ್ತ ಬಂದ. ಕೈಯಲ್ಲಿ ಉಂಡಿಯ ಬುಟ್ಟಿ, ಕಂಕುಳಲ್ಲಿ ಚನಬಸಪ್ಪ ಕಾಕಾನ ಕೊಡೆ. ಅಣ್ಣನ ಜೊತೆ ಮಾತು ಬಿಟ್ಟಿದ್ದ ರಾಚಪ್ಪ. ಹೊಸ್ತಿಲ ಹೊರಗೆ ನಿಂತ, ಅಣ್ಣನ ಗಂಟಲು ಅವನಿಗೆ ಇರಲಿಲ್ಲ, ಆದರೂ ಓಣಿಗೆ ಕೇಳುವಷ್ಟು ಜೋರಾಗಿಯೇ ಹೇಳಿದ.

“ಅಕ್ಕಾ, ಪಂಚಮಿಗಿ ಕರ್ಯಾಕ ಬಂದೇನ್ರೀ.”

ಆಯಿ ಎದ್ದು ಸೆರಗು ಸರಿಮಾಡಿಕೊಂಡಳು. “ನಿಮ್ಮಣ್ಣ ಮೊದಲನೇ ಗಾಡಿಗೇ ಬರ್ತಿದ್ದ” ಎಂದು ಗದರಿಸಿ, ಅವನು ಬಿಚ್ಚಿ ಹಿಡಿದ ಕೊಡೆಯ ಕೆಳಗೆ ತವರಿಗೆ ಹೊರಟಳು.