ಎರಡೂ ಕಣ್ಣು ತೆರೆದು

ಬೊಂಬೆಯ ಕೆಂಪು ನಾಲಗೆ ಮೇಲಕ್ಕೆ ಚಾಚಿತ್ತು. ತುದಿಯಲ್ಲಿ ಬಣ್ಣ ಉದುರಿ ಉಗುರಿನಷ್ಟು ಜಾಗ ಬೆಳ್ಳಗಿತ್ತು.

ವಿಜಯನಗರದ ನಮ್ಮ ತಾರಸಿಯಿಂದ ಎರಡು ಬೀದಿ ಆಚೆ, ಕಟ್ಟುತ್ತಿದ್ದ ಮನೆಗೆ ತೂಗಿಬಿಟ್ಟಿದ್ದ ದೃಷ್ಟಿಬೊಂಬೆ ಅದು. ನಾನೇ ಮಾಡಿದ ಟೆಲಿಸ್ಕೋಪಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತಿತ್ತು. ಪಿವಿಸಿ ಪೈಪಿನ ಮುಂದೆ ಕನ್ನಡಕದ ಅಂಗಡಿಯಿಂದ ತಂದ ಲೆನ್ಸು. ಬಿಸಿಲನ್ನು ಒಂದು ಮೀಟರ್ ದೂರದಲ್ಲಿ ಚುಕ್ಕೆಯಾಗಿಸುತ್ತದೆ. ಪೈಪಿನ ಹಿಂಬದಿಗೆ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥ ಲೆನ್ಸು. ಅದರ ದೂರ ಹತ್ತು ಸೆಂಟಿಮೀಟರ್. ಭಾಗಿಸಿದರೆ ಹತ್ತು ಪಟ್ಟು.

ಲೆಕ್ಕವನ್ನು ಕಣ್ಣಿನಿಂದಲೇ ಪರೀಕ್ಷಿಸಬಹುದು. ಬಲಗಣ್ಣನ್ನು ಪೈಪಿಗಿಟ್ಟು ಎಡಗಣ್ಣನ್ನೂ ತೆರೆದಿಟ್ಟುಕೊಂಡರೆ, ದೊಡ್ಡ ಬೊಂಬೆಯ ಪಕ್ಕದಲ್ಲಿ ಬರಿಗಣ್ಣಿನ ಸಣ್ಣ ಬೊಂಬೆ ತೇಲುತ್ತದೆ. ದೊಡ್ಡದರ ಉದ್ದಕ್ಕೆ ಅಂಥವು ಎಷ್ಟು ಹಿಡಿಸುತ್ತವೆ ಎಂದು ಅಂದಾಜು ಮಾಡಬೇಕು.

ಸಂಜೆಯ ಬೆಳಕಿನಲ್ಲಿ ಅಪ್ಪ ನೀರಿನ ಟ್ಯಾಂಕಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಗ್ಲಾಕೋಮಾ ಅವರ ನೋಟವನ್ನು ಅಂಚಿನಿಂದ ತಿನ್ನುತ್ತಾ ಬಂದಿತ್ತು. ನೋವಿಲ್ಲ, ಕತ್ತಲಿಲ್ಲ, ಬಹಳ ದಿನ ಅವರಿಗೇ ತಿಳಿದಿರಲಿಲ್ಲ. ಮಕ್ಕಳಿಗೂ ಬರಬಹುದು, ತೋರಿಸಿ ಎಂದು ಡಾಕ್ಟರು ಹೇಳಿದ್ದರು. ನನ್ನ ವಯಸ್ಸಿಗೆ ಏನು ಅವಸರ ಎಂದುಕೊಂಡಿದ್ದೆ.

“ದೃಷ್ಟಿಬೊಂಬೆಗೇ ದೃಷ್ಟಿ ಹಾಕ್ತಿದೀಯಲ್ಲೇ,” ಎಂದರು ಅಪ್ಪ.

“ಅಳತೆ ತಗೊಳ್ತಿದೀನಪ್ಪ.”

“ತಗೋ ತಗೋ. ಹಂಗೇ ಒಂದು ಷರ್ಟ್ ಹೊಲಿಸ್ಕೊಡು ಅದಕ್ಕೆ.”

ದೊಡ್ಡ ಬೊಂಬೆ ಅಲುಗದೆ ನಿಂತಿತ್ತು. ಸಣ್ಣದು ಇರಲಿಲ್ಲ. ಅದು ಇರಬೇಕಾದಲ್ಲಿ ಬೂದು ಗೋಡೆ ಸಲೀಸಾಗಿ ಮುಂದುವರಿದಿತ್ತು, ಅಲ್ಲಿ ಯಾವತ್ತೂ ಏನೂ ತೂಗಿರಲಿಲ್ಲವೇನೋ ಎಂಬಂತೆ.

“ಅಪ್ಪಾ, ನಿಮ್ಗೆ ಬೊಂಬೆ ಕಾಣ್ಸತ್ತಾ?”

“ಕಾಣ್ದೇ ಏನು? ನನ್ನ ಅರ್ಧ ಕಣ್ಣಿಗೇ ಕಾಣ್ತಿದೆ, ನೇತಾಡ್ತಾ. ನಿಂಗೇನಾಗಿದೆ ಕಣೇ?”

ಪೈಪು ಕೆಳಗಿಟ್ಟು ಬಲಗಣ್ಣು ಮುಚ್ಚಿಕೊಂಡೆ. ಎಡಗಣ್ಣಿನಿಂದ ನೇರ ನೋಡಿದರೆ ಬೊಂಬೆ ಇತ್ತು. ನೋಟವನ್ನು ಸ್ವಲ್ಪ ಎಡಕ್ಕೆ ಸರಿಸಿದೆ. ಗೋಡೆ ಅದನ್ನು ನುಂಗಿತು. ಮತ್ತೆ ನೇರಕ್ಕೆ ತಂದೆ, ಬಂತು. ಎಲ್ಲರ ಕಣ್ಣಿಗೂ ಒಂದು ಕುರುಡು ಚುಕ್ಕೆ ಇರುತ್ತದೆ, ಆದರೆ ಅದು ಕಿವಿಯ ಕಡೆಗೆ. ಇದು ಮೂಗಿನ ಕಡೆಗಿತ್ತು.

“ಎಷ್ಟು ಪಟ್ಟು ಬಂತು?” ಅಪ್ಪ ಕೇಳಿದರು.

“ಹತ್ತು,” ಎಂದೆ. ಅಳೆದಿರಲಿಲ್ಲ.

ಮರುದಿನ ಬೆಳಿಗ್ಗೆ, ಆಫೀಸಿಗೆ ಹೊರಟಂತೆಯೇ ಹೊರಟು, ಅಪ್ಪನನ್ನು ನೋಡುವ ರಾಜಾಜಿನಗರದ ಡಾಕ್ಟರ ಬಳಿಗೆ ಒಬ್ಬಳೇ ಹೋದೆ. ಬಲಗಣ್ಣಿಗೆ ಪಟ್ಟಿ ಕಟ್ಟಿ, ಬೋಗುಣಿಯಂಥ ಬಿಳಿ ಯಂತ್ರದ ಮುಂದೆ ಕೂರಿಸಿದರು. “ಮಧ್ಯದ ಚುಕ್ಕೇನೇ ನೋಡ್ತಿರಿ ಮೇಡಂ. ಪಕ್ಕದಲ್ಲಿ ಬೆಳಕು ಬಂದಾಗ ಬಟನ್ ಒತ್ತಿ,” ಎಂದಳು ಅಲ್ಲಿನ ಹುಡುಗಿ. ಒತ್ತಿದೆ. ಮತ್ತೆ ಟಿಕ್ ಎಂದಿತು, ಬೆಳಕು ಮಿನುಗಿತು, ಒತ್ತಿದೆ. ಆಮೇಲೆ ಯಂತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು, ಬೆಳಕು ಬರಲಿಲ್ಲ. ಹೆಬ್ಬೆರಳನ್ನು ಬಟನ್ ಮೇಲಿಟ್ಟುಕೊಂಡು ಕಾದೆ.