ನನ್ನ ನಂಬರಿನ ಬೋರ್ಡು

ಕಾರ್ಕಳದ ಒಬ್ಬರು ಕುವೈಟಿನಿಂದ ರಜೆಗೆ ಬಂದಾಗ ಆಸೆಪಟ್ಟು ಸಾವಿರ ಸಿಸಿಯ ಬೈಕೊಂದನ್ನು ಕೊಂಡಿದ್ದರು. ಆದರೆ ಅವರ ಸೊಂಟ ಒಪ್ಪಲಿಲ್ಲ. ಬೈಕು ಅವರ ಮನೆಯ ಪೋರ್ಟಿಕೋದಲ್ಲಿ ಹಳೆಯ ಬೆಡ್‌ಶೀಟು ಹೊದ್ದು ನಿಂತಿತು. ಉದ್ಯಾವರದಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ನಾನು ಆಗಾಗ ಹೋಗಿ ಅದನ್ನು ಸ್ಟಾರ್ಟ್ ಮಾಡಿ ಬರುತ್ತಿದ್ದೆ. ಸಣ್ಣ ಬೈಕುಗಳ ರೇಸಿನಲ್ಲಿ ನಾನು ಕೆಲವು ವರ್ಷ ಓಡಿದ್ದು ಅವರಿಗೆ ಗೊತ್ತಿತ್ತು. ಒಂದು ದಿನ ಧೈರ್ಯ ಮಾಡಿ, ಇದರಲ್ಲಿ ನ್ಯಾಷನಲ್ಸ್ ರೇಸು, ಅಂದರೆ ದೇಶದ ಚಾಂಪಿಯನ್‌ಶಿಪ್ಪು, ಓಡಿಸಲೇ ಎಂದು ಕೇಳಿಬಿಟ್ಟೆ. ಒಂದೇ ಒಂದು ಸೀಸನ್ ಎಂದರು. ಅದು ಮುಗಿದ ಕೂಡಲೇ ಬೈಕು ಕೇರಳದ ಒಬ್ಬರಿಗೆ ಹೋಗುವುದೆಂದು ಆಗಲೇ ಮಾತಾಗಿತ್ತು. ನನಗೋ ನಲವತ್ತು ಹತ್ತಿರ ಬಂದಿತ್ತು. ಅಂಥ ಬೈಕು ನನ್ನ ಕೈಗೆ ಇನ್ನೊಮ್ಮೆ ಸಿಗುವುದಿಲ್ಲ ಎಂಬುದಕ್ಕೆ ಜ್ಯೋತಿಷ್ಯ ಕೇಳಬೇಕಾಗಿರಲಿಲ್ಲ.

ನನ್ನ ಹೆಂಡತಿ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮಳೆ ಹಿಡಿಯಿತೆಂದರೆ ಬೈಕಿನಿಂದ ಬಿದ್ದವರ ಸಾಲು ಅವಳ ಕೋಣೆಯ ಹೊರಗೆ ನಿಲ್ಲುತ್ತದೆ. ಕಾಲೇಜು ಹುಡುಗರ ಮೊಣಕಾಲು, ಮಣಿಕಟ್ಟು, ಹೆಗಲಿನ ಎಲುಬು ನೋಡಿ ನೋಡಿ ಅವಳಿಗೆ ಬೈಕೆಂದರೆ ಸಾಕಾಗಿ ಹೋಗಿತ್ತು. ಅವಳ ಮನೆಮಾತು ಕೊಂಕಣಿ, ನನ್ನದು ತುಳು. ಕಾಪುವಿನ ನಮ್ಮ ಬಾಡಿಗೆ ಮನೆಯಲ್ಲಿ ಸಂಸಾರ ನಡೆಯುವುದು ಕನ್ನಡದಲ್ಲಿ, ಜಗಳವೂ ಅದರಲ್ಲೇ. ರೇಸಿನ ವಿಷಯಕ್ಕೆ ಜಗಳವಾಗಲಿಲ್ಲ. "ನೀವು ಹೋಗಿ, ಬೇಡ ಅಂತ ಹೇಳುವುದಿಲ್ಲ. ಆದ್ರೆ ನೋಡ್ಲಿಕ್ಕೆ ಮಾತ್ರ ನನ್ನನ್ನು ಕರೀಬೇಡಿ" ಎಂದಳು. ನಾನು ಕರೆಯಲಿಲ್ಲ. ಏನಾದರೂ ಆದರೆ ಫೋನ್ ಮಾಡಲು ಇರಲಿ ಎಂದು ಟ್ರ್ಯಾಕಿನಲ್ಲಿ ಪರಿಚಯವಿದ್ದ ಒಬ್ಬ ತಮಿಳು ಮೆಕ್ಯಾನಿಕರ ನಂಬರು ಕೊಟ್ಟೆ. ಅವಳು ಅದನ್ನು ಮೊಬೈಲಿಗೆ ಹಾಕಿಕೊಂಡಳು.

ರೇಸುಗಳು ಚೆನ್ನೈಯಲ್ಲಿ, ನಡುವೆ ಒಮ್ಮೆ ಕೊಯಮತ್ತೂರಿನಲ್ಲಿ. ಮಲ್ಪೆಯಲ್ಲಿ ಮೀನಿನ ಐಸ್ ಪೆಟ್ಟಿಗೆ ಸಾಗಿಸುವ ಸ್ನೇಹಿತರೊಬ್ಬರ ಪಿಕಪ್ ತೊಳೆದು, ಹಿಂದೆ ಬೈಕು ಬಿಗಿದು ಒಬ್ಬನೇ ಹೊರಡುತ್ತಿದ್ದೆ. ಎಷ್ಟು ತೊಳೆದರೂ ಬಂಗುಡೆಯ ವಾಸನೆ ನನ್ನ ಜೊತೆ ರಾಜ್ಯದ ಗಡಿ ದಾಟುತ್ತಿತ್ತು. ಬೈಕು ತಪಾಸಣೆಗೆ ನಿಲ್ಲಿಸಿದರೆ ಅಧಿಕಾರಿ ಬ್ರೇಕ್ ನೋಡುವ ಮೊದಲು ಮೂಗು ಮುಚ್ಚುತ್ತಿದ್ದರು. ನಮ್ಮ ಕರಾವಳಿಯ ಮಳೆಗೆ ಚರ್ಮದ ರೇಸಿಂಗ್ ಸೂಟಿನ ಮೇಲೆ ಹಸಿರು ಬೂಸರು ಬರುತ್ತಿತ್ತು. ಅದನ್ನು ಒರೆಸುತ್ತಾ ಕೂತಿರುವಾಗ ಅಕ್ಕಪಕ್ಕದ ತಂಡಗಳಲ್ಲಿ ಒಬ್ಬ ಸವಾರನಿಗೆ ಐದಾರು ಜನ ಓಡಾಡುತ್ತಿರುತ್ತಿದ್ದರು. ಟಯರ್ ಬಿಸಿಮಾಡಲು ಒಬ್ಬ, ಕೊಡೆ ಹಿಡಿಯಲು ಒಬ್ಬ. ನನ್ನ ಕೊಡೆಯನ್ನು ನಾನೇ ಹಿಡಿದುಕೊಳ್ಳುತ್ತಿದ್ದೆ.

ಅದೆಲ್ಲ ಸಹಿಸಬಹುದಿತ್ತು. ಸಹಿಸಲು ಆಗದ್ದು ಬೋರ್ಡಿನ ವಿಷಯ. ಟ್ರ್ಯಾಕಿಗೂ ಗ್ಯಾರೇಜುಗಳಿಗೂ ನಡುವೆ ಒಂದು ಗಿಡ್ಡ ಗೋಡೆ ಇರುತ್ತದೆ. ಸವಾರ ಪ್ರತಿ ಸುತ್ತಿನಲ್ಲಿ ಅದರ ಎದುರು ಹಾದುಹೋಗುವಾಗ ಅವನ ಕಡೆಯವರೊಬ್ಬರು ಅಲ್ಲಿ ನಿಂತು ಕಪ್ಪು ಹಲಗೆಯೊಂದನ್ನು ಹೊರಗೆ ಚಾಚುತ್ತಾರೆ. ಅದರಲ್ಲಿ ಅವನ ಬೈಕಿನ ನಂಬರು, ಅವನ ಸ್ಥಾನ ಎಷ್ಟು, ಇನ್ನೆಷ್ಟು ಸುತ್ತು ಉಳಿದಿದೆ ಎಂದು ಹಳದಿ ಅಂಕೆಗಳಲ್ಲಿ ಇರುತ್ತದೆ. ಹೆಲ್ಮೆಟ್ಟಿನೊಳಗೆ ಕೂತವನಿಗೆ ಹೊರಗಿನ ಲೋಕದಿಂದ ಬರುವ ಸುದ್ದಿ ಅದೊಂದೇ. ನನ್ನ ಹತ್ತಿರವೂ ಹಲಗೆ ಇತ್ತು, ಅಂಕೆಗಳ ಡಬ್ಬಿಯೂ ಇತ್ತು. ಹಿಡಿಯುವ ಜನ ಇರಲಿಲ್ಲ.

ಮೊದಲ ಸಲ ಪಕ್ಕದ ಗ್ಯಾರೇಜಿನ ಆ ತಮಿಳು ಮೆಕ್ಯಾನಿಕರನ್ನೇ ಕೇಳಿಕೊಂಡೆ. ಪಾಪ, ಒಪ್ಪಿದರು. ಆದರೆ ಅವರ ಸ್ವಂತ ಸವಾರ ಎರಡನೇ ಸ್ಥಾನಕ್ಕೆ ಬಂದದ್ದೇ ತಡ, ನನ್ನ ಹಲಗೆ ಗೋಡೆಗೆ ಒರಗಿತು. ಅವರ ಮೇಲೆ ಸಿಟ್ಟು ಮಾಡುವಂತಿರಲಿಲ್ಲ. ಕೊಯಮತ್ತೂರಿನಲ್ಲಿ ಯಾರನ್ನೂ ಕೇಳದೆ ಸುತ್ತುಗಳನ್ನು ನಾನೇ ಎಣಿಸಿದೆ. ಹೆಲ್ಮೆಟ್ಟಿನೊಳಗೆ ತುಳುವಿನಲ್ಲಿ ಗಟ್ಟಿಯಾಗಿ, ಒಂಜಿ, ರಡ್ಡ್, ಮೂಜಿ ಎಂದು. ನಡುವೆ ಒಬ್ಬ ನನ್ನ ಎದುರೇ ಜಾರಿ ಬಿದ್ದ. ಅವನನ್ನು ತಪ್ಪಿಸುವ ಗಡಿಬಿಡಿಯಲ್ಲಿ ಲೆಕ್ಕ ಒಂದು ಮುಂದಕ್ಕೆ ಹಾರಿತು. ರೇಸ್ ಮುಗಿಯಿತೆಂದು ಕೈಯೆತ್ತಿ ಜನರಿಗೆ ಬೀಸಿ ವೇಗ ಇಳಿಸಿದೆ. ಮೂವರು ನನ್ನನ್ನು ಹಾದು ಹೋದರು. ಇನ್ನೂ ಒಂದು ಸುತ್ತು ಬಾಕಿ ಇತ್ತು.

ಮನೆಗೆ ಬಂದು ಗಂಜಿ ಉಣ್ಣುತ್ತಾ ಇದನ್ನು ತಮಾಷೆಯಾಗಿಯೇ ಹೇಳಲು ಶುರುಮಾಡಿದೆ, ಬೀಸಿದ ಕೈಯನ್ನೂ ಮಾಡಿ ತೋರಿಸಿದೆ. ಎಲ್ಲಿಂದಲೋ ಸಿಟ್ಟು ಬಂತು. ಊರಲ್ಲಿ ಎಲ್ಲರಿಗೂ ಎಲ್ಲದಕ್ಕೂ ಜನ ಉಂಟು, ನನಗೆ ಒಂದು ಹಲಗೆ ಹಿಡಿಯಲು ಒಬ್ಬರಿಲ್ಲ ಎಂದೆ. ಅವಳು ಮೀನಿನ ಮುಳ್ಳು ಬಿಡಿಸುತ್ತಿದ್ದಳು. ಆ ಹಲಗೆಯಲ್ಲಿ ಎಂತೆಂತ ಹಾಕುವುದು ಎಂದು ಒಂದು ಮಾತು ಕೇಳಿದಳು. ಹೇಳಿದೆ. ಆಮೇಲೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳು ಬರುವುದಿಲ್ಲ ಎಂದು ಗೊತ್ತಿದ್ದೂ ನನಗೆ ತುಂಬಾ ಬೇಜಾರಾಯಿತು.

ಆಮೇಲಿನ ರೇಸಿನಿಂದ ಗೋಡೆಯ ಕಡೆ ನೋಡುವುದನ್ನೇ ಬಿಟ್ಟೆ. ಸಾಲಾಗಿ ಚಾಚಿದ ಅಷ್ಟೂ ಹಲಗೆಗಳ ನಡುವೆ ನನ್ನ ನಂಬರು ಇಲ್ಲ ಎಂಬುದನ್ನು ಸುತ್ತು ಸುತ್ತಿಗೂ ಯಾಕೆ ನೋಡಿಕೊಳ್ಳಬೇಕು? ನೇರ ರಸ್ತೆಗೆ ಬಂದ ಕೂಡಲೇ ಬೈಕನ್ನು ಗೋಡೆಯಿಂದ ಆಚೆಯ ಬದಿಗೆ ಒತ್ತಿ, ತಲೆ ಟ್ಯಾಂಕಿಗೆ ತಾಗಿಸಿ, ಮುಂದಿನ ತಿರುವನ್ನಷ್ಟೇ ನೋಡುತ್ತಿದ್ದೆ. ಕತ್ತಿಗೆ ಅದೇ ರೂಢಿಯಾಯಿತು. ನಾಚಿಕೆ ಬಿಟ್ಟು ಹೇಳುವುದಾದರೆ ಆ ಹಠ ನನಗೆ ಸ್ವಲ್ಪ ಹಿಡಿಸಿಯೂ ಇತ್ತು. ಯಾರ ಹಂಗೂ ಇಲ್ಲದವನು ಎಂಬ ಜಂಬ.

ಕೊನೆಯ ರೇಸು ಚೆನ್ನೈಯಲ್ಲಿ. ಮಳೆ ಮುಗಿದಿತ್ತು. ಹೊರಡುವ ದಿನ ಹೆಂಡತಿ ಎಂದಿನಂತೆ ಡ್ಯೂಟಿಗೆ ಹೋದಳು. ರೇಸಿನ ದಿನ ಬೆಳಿಗ್ಗೆ ಫೋನಿಗೆ ಸಿಗಲಿಲ್ಲ. ಮೊಬೈಲನ್ನು ಪಿಕಪ್ಪಿನಲ್ಲಿಟ್ಟು ಬೀಗ ಹಾಕಿ, ಸೂಟು ಏರಿಸಿ, ಬೈಕು ತಳ್ಳಿಕೊಂಡು ಹೋದೆ.

ಇಡೀ ಸೀಸನಿನಲ್ಲಿ ನಾನು ಚೆನ್ನಾಗಿ ಓಡಿಸಿದ್ದು ಆವತ್ತೇ. ಅರ್ಧ ರೇಸಿಗೆ ನಾಲ್ಕನೆಯವನಾಗಿ ಮೂರನೆಯವನ ಬೆನ್ನಿಗೆ ಅಂಟಿಕೊಂಡಿದ್ದೆ. ಪೋಡಿಯಂ ಎಂದರೆ ಮೂರು ಮೆಟ್ಟಿಲು, ಮೂರು ಜನ. ಅವನು ಒಂದು ತಿರುವಿನಲ್ಲಿ ಬೇಗ ಬ್ರೇಕ್ ಹಿಡಿಯುತ್ತಾನೆ ಎಂದು ಕಂಡುಕೊಂಡಿದ್ದೆ. ಈಗಲೇ ಹಿಂದೆ ಹಾಕಿದರೆ ಅವನು ತಿರುಗಿ ಹಾಕುತ್ತಾನೆ, ಕೊನೆಯ ಸುತ್ತಿನಲ್ಲಿ ಹಾಕುವ ಎಂದು ತಾಳ್ಮೆಯಿಂದ ಕಾದೆ. ಒಳಗೆ ಎಣಿಕೆ ನಡೆದಿತ್ತು. ನನ್ನ ಲೆಕ್ಕದಲ್ಲಿ ಇನ್ನೊಂದು ಸುತ್ತು ಇತ್ತು. ಅದಕ್ಕಾಗಿ ಕಾದಿಟ್ಟುಕೊಂಡೇ ನೇರ ರಸ್ತೆಗೆ ಬಂದೆ, ಎದುರಿಗೆ ರೇಸು ಮುಗಿಯಿತೆನ್ನುವ ಚೌಕುಳಿ ಬಾವುಟ ಬೀಸುತ್ತಿತ್ತು. ಒಬ್ಬನೇ ಎಣಿಸಿದ ಲೆಕ್ಕ ಈ ಸಲ ಹಿಂದೆ ಬಿದ್ದಿತ್ತು.

ಹೆಲ್ಮೆಟ್ಟಿನೊಳಗೆ ಎಲ್ಲರಿಗೂ ಬೈದೆ. ಗೋಡೆಯ ಬಳಿ ನನಗಾಗಿ ಒಂದು ನರಪಿಳ್ಳೆ ನಿಂತಿದ್ದರೆ ಸಾಕಿತ್ತಲ್ಲ ಎಂದು ಗೊಣಗುತ್ತಲೇ ಬೈಕನ್ನು ಒಳಗೆ ತಂದೆ.

ನನ್ನ ಗ್ಯಾರೇಜಿನ ಎದುರು ಅವಳು ನಿಂತಿದ್ದಳು. ರೈಲಿನಲ್ಲಿ ಕೂತು ಬಂದು ಸುಕ್ಕಾದ ಚೂಡಿದಾರ, ಕೆಂಪಾದ ಕಣ್ಣು, ಎರಡೂ ಕೈಯಲ್ಲಿ ನನ್ನ ನಂಬರಿನ ಹಲಗೆ. ಪಕ್ಕದ ಮೆಕ್ಯಾನಿಕರು ನಗುತ್ತಾ ಮುಕ್ಕಾಲು ತಮಿಳಿನಲ್ಲಿ ಕಥೆ ಹೇಳಿದರು. ಅವಳು ಫೋನ್ ಮಾಡಿ ಬರುತ್ತೇನೆಂದಿದ್ದಳಂತೆ. ರೈಲು ತಡವಾಗಿ, ಗೇಟಿಗೆ ಬಂದು ಮುಟ್ಟುವಾಗ ನಾನು ಸ್ಟಾರ್ಟಿನ ಸಾಲಿನಲ್ಲಿ ನಿಂತಾಗಿತ್ತಂತೆ. ಅವರೇ ಒಳಗೆ ಕರೆತಂದು, ನನ್ನ ಗ್ಯಾರೇಜಿನ ಮೂಲೆಯಲ್ಲಿದ್ದ ಹಲಗೆ ಎತ್ತಿಕೊಟ್ಟು, ಹಿಡಿಯುವುದು ಹೇಗೆಂದು ತೋರಿಸಿದ್ದರಂತೆ. ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೂ ಅವಳು ಅಲ್ಲಿಂದ ಕದಲಲಿಲ್ಲವಂತೆ.

ಹಲಗೆಯಲ್ಲಿ ಇನ್ನೂ ಒಂದು ಎಂಬ ಅಂಕೆ ಇತ್ತು. ಉಳಿದಿರುವುದು ಒಂದೇ ಸುತ್ತು.

"ಕಂಡಿತಾ?" ಎಂದು ಕೇಳಿದಳು.

"ಕಂಡಿತು" ಎಂದೆ.

ಅವಳು ಆ ಅಂಕೆಯನ್ನು ಕಳಚಿ ಡಬ್ಬಿಗೆ ಹಾಕಿದಳು. "ಇಲ್ಲ. ಒಂದು ಸಲ ಕೂಡ ಈಚೆ ನೋಡ್ಲಿಲ್ಲ ನೀವು. ನನಗೆ ಗೊತ್ತುಂಟು, ನಾನು ಕಣ್ಣು ಮುಚ್ಚದೆ ನೋಡಿದ್ದೇನೆ."

ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. ಹೆಲ್ಮೆಟ್ಟು ತೆಗೆಯಲು ಆಗಲಿಲ್ಲ, ಒಳಗೆ ಅಳುತ್ತಿದ್ದೆ. ಅವಳು ಗಾಜಿನ ಮೇಲೆ ಅಂಟಿದ್ದ ಹುಳಗಳನ್ನು ದುಪಟ್ಟಾದ ತುದಿಯಿಂದ ಒರೆಸಿದಳು.

"ಹೋಗ್ಲಿ, ಮುಂದಿನ ಸಲ ನೋಡಿ" ಎಂದಳು.

ಮುಂದಿನ ಸಲ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಬಂದಿದ್ದಳು.